ನಲವತ್ತು ಪರ್ಸೆಂಟ್

ತಲೆಬರಹ ನೋಡಿ ಇದು ನಮ್ಮೂರಿನ ಕಮಿಷನ್ ರಾಜಕೀಯದ ಕತೆ ಅಂದುಕೊಂಡು ಓಡಿ ಬಂದವರಿದ್ದರೆ ಕ್ಷಮೆ ಇರಲಿ, ಅದಲ್ಲ :-) ಇದು ದೂರದ ಅಲಬಾಮಾದ ನಲವತ್ತು ಪರ್ಸೆಂಟ್. ಬ್ಲಾಗ್ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು, ಏನಾದ್ರೂ ಬರಿ ಮಾರಾಯ ಅಂತ ಇಬ್ಬರು ಮೂವರು ಗೆಳೆಯರು ಮೇಲ್ ಮಾಡಿದ್ದರು. ಬರೆಯುವಂಥದ್ದು ತಲೆಯಲ್ಲಿ ಇಲ್ಲದೇ ಇರಲಿಲ್ಲ. ಆದರೆ ಕೂತು ಲೆಕ್ಕ ಸರಿ ಮಾಡದೆ ಬರೆಯೋ ವಿಷಯ ಅಲ್ಲ ಇದು.

ನಾನು ಪೇರೋಲ್ ಸಾಫ್ಟ್‌ವೇರ್ ಬರೆಯುವವ. ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಸಂಬಳ ಕೊಡೋ ಕೆಲಸ" ಅನ್ನುತ್ತೇನೆ. ಕೇಳಿದವರು ಒಂದು ಕ್ಷಣ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳುತ್ತಾರೆ, ಆಮೇಲೆ ಅಮ್ಮ ನಿಜ ಹೇಳಿ ಮಾನ ಕಳೆಯುತ್ತಾಳೆ. ನಿಜ ಏನೆಂದರೆ ನಾನು ಸಂಬಳ ಕೊಡುವುದಕ್ಕಿಂತ ಸಂಬಳ ಮುರಿದುಕೊಳ್ಳುವುದರ ಬಗ್ಗೆಯೇ ಹೆಚ್ಚು ಕೋಡ್ ಬರೆದಿದ್ದೇನೆ. ಕೊಡುವುದು ಒಂದೇ ಸಾಲು. ಮುರಿಯುವುದು ಸಾವಿರಾರು ಸಾಲು.

ಮುರಿಯುವುದರ ಮೇಲಿನ ನನ್ನ ಆಸಕ್ತಿ ಚಿಕ್ಕಂದಿನದು. ಅಪ್ಪ ಸರ್ಕಾರಿ ಪ್ರೌಢಶಾಲೆ ಮೇಷ್ಟ್ರು. ತಿಂಗಳ ಕೊನೆಗೆ ಸಂಬಳದ ಚೀಟಿ ಬಂದರೆ ಅಮ್ಮ ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳು. ಮೊದಲು ಕೈಗೆ ಎಷ್ಟು ಅಂತ ನೋಡಿ, ಆಮೇಲೆ ಯಾರು ಯಾರು ಎಷ್ಟೆಷ್ಟು ತಿಂದರು ಅನ್ನುವ ತನಿಖೆ. ಕೆ.ಜಿ.ಐ.ಡಿ., ಜಿ.ಪಿ.ಎಫ್., ಎಲ್.ಐ.ಸಿ., ಸೊಸೈಟಿ ಸಾಲ. ಈ ನಾಲ್ಕು ಹೆಸರು ನನಗೆ ನಾಲ್ಕು ಜನ ನೆಂಟರ ಹಾಗೆ ಇದ್ದವು. ಈಗ ನನ್ನ ಪೇಸ್ಲಿಪ್ಪಿನಲ್ಲಿ ಪಿ.ಎಫ್. ಇದೆ, ಆದಾಯ ತೆರಿಗೆ ಇದೆ, ಪ್ರೊಫೆಷನಲ್ ಟ್ಯಾಕ್ಸ್ 200 ರೂಪಾಯಿ ಇದೆ (2025ರ ತಿದ್ದುಪಡಿ ಆದ ಮೇಲೆ ಫೆಬ್ರವರಿಗೆ 300, ಯಾಕೆ ಫೆಬ್ರವರಿಯ ಮೇಲೇ ಸಿಟ್ಟು ಅಂತ ದೇವರೇ ಬಲ್ಲ). ಸಂಬಳದ ಚೀಟಿ ಓದಿದರೆ ಒಬ್ಬ ಮನುಷ್ಯ ಯಾರಿಗೆ ಬಾಧ್ಯ, ಯಾರು ಅವನ ಮೇಲೆ ಮೊದಲ ಹಕ್ಕು ಸ್ಥಾಪಿಸಿದ್ದಾರೆ ಅನ್ನುವುದು ಪೂರ್ತಿ ಗೊತ್ತಾಗುತ್ತದೆ.

ಸರಿ, ವಿಷಯಕ್ಕೆ ಬರ್ತೀನಿ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ನಿಯಮ ಇದೆ. ಒಂದೇ ಬ್ಯಾಂಕ್ ಖಾತೆಗೆ ಇಬ್ಬರಿಗಿಂತ ಹೆಚ್ಚು ನೌಕರರ ಸಂಬಳ ಹೋಗುತ್ತಿದ್ದರೆ ಕೆಂಪು ದೀಪ ಹತ್ತಬೇಕು. ಇಲ್ಲದ ನೌಕರರ ಹೆಸರು ಸೇರಿಸಿ ಅವರ ಸಂಬಳವನ್ನು ತನ್ನ ಖಾತೆಗೆ ಹಾಕಿಕೊಳ್ಳುವ ಅಕೌಂಟೆಂಟ್ ಮಹಾಶಯರು ಎಲ್ಲ ದೇಶಗಳಲ್ಲೂ ಇದ್ದಾರೆ, ಅವರನ್ನು ಹಿಡಿಯೋಕೆ ಈ ನಿಯಮ. ಗಂಡ ಹೆಂಡತಿ ಒಂದೇ ಕಡೆ ಕೆಲಸ ಮಾಡಿದರೆ ಜಂಟಿ ಖಾತೆ ಇರಬಹುದು, ಅದಕ್ಕೇ ಇಬ್ಬರವರೆಗೆ ಮಾಫಿ. ಒಂದು ರಾತ್ರಿ ಅಲಬಾಮಾದ ಒಂದು ಗಿರಾಕಿ ಕಂಪನಿಯಿಂದ (ಹೆಸರು ಬೇಡ) ಟಿಕೆಟ್ ಬಂತು. ಹತ್ತಾರು ನೌಕರರಿಗೆ ಒಂದೇ ಖಾತೆ. ಕೆಂಪು ದೀಪ ಹತ್ತಿ ಸಂಬಳ ನಿಂತುಬಿಟ್ಟಿದೆ.

ನನಗೆ ಒಳಗೊಳಗೇ ಖುಷಿ, ಕಳ್ಳ ಸಿಕ್ಕ ಅಂತ. ಎರಡು ಗಂಟೆ ಆದಮೇಲೆ ಅವರ ಕಡೆಯಿಂದ ಉತ್ತರ ಬಂತು, ಒಂದೇ ವಾಕ್ಯ. ಅವರೆಲ್ಲ ವರ್ಕ್ ರಿಲೀಸ್ ಜನ, ಆ ಖಾತೆ ಜೈಲು ಇಲಾಖೆಯದ್ದು, ದಯವಿಟ್ಟು ವಿನಾಯಿತಿ ಕೊಡಿ.

ವಿನಾಯಿತಿ ಕೊಟ್ಟೆವು, ಐದು ನಿಮಿಷದ ಕೆಲಸ. ಟಿಕೆಟ್ ಮುಚ್ಚಿತು. ನನ್ನ ತಲೆಯಲ್ಲಿ ಮುಚ್ಚಲಿಲ್ಲ.

ವರ್ಕ್ ರಿಲೀಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಶಿಕ್ಷೆ ಇನ್ನೂ ಮುಗಿದಿಲ್ಲ, ಆದರೆ ಈ ಮನುಷ್ಯ ಅಪಾಯ ಅಲ್ಲ ಅಂತ ಜೈಲಿನವರಿಗೆ ಅನ್ನಿಸಿದೆ. ಅಂಥವನನ್ನು ಹಗಲು ಹೊರಗಿನ ಕಂಪನಿಯಲ್ಲಿ ಎಲ್ಲರಂತೆ ದುಡಿಯಲು ಬಿಡುತ್ತಾರೆ. ಕೆಲಸ ಮುಗಿದ ಮೇಲೆ ವಾಪಸ್ ಒಳಗೆ. ಸಂಬಳ ಹೊರಗಿನವರಿಗೆ ಕೊಡುವ ಹಾಗೇ ಗಂಟೆ ಲೆಕ್ಕ. ಕೇಳಿದರೆ ಎಷ್ಟು ಒಳ್ಳೆಯ ಯೋಚನೆ ಅಲ್ವಾ? ನಿಜಕ್ಕೂ ಒಳ್ಳೆಯದೇ. ಹತ್ತು ವರ್ಷ ಒಳಗಿದ್ದು ಒಂದು ದಿನ ಇದ್ದಕ್ಕಿದ್ದಂತೆ ಗೇಟಿನ ಹೊರಗೆ ನಿಲ್ಲುವವನಿಗಿಂತ, ಒಂದಷ್ಟು ದಿನ ಕೆಲಸಕ್ಕೆ ಹೋಗಿ ಬಂದು, ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟುಕೊಂಡು ಹೊರಬರುವವನು ಬದುಕಿಕೊಳ್ಳುವ ಸಾಧ್ಯತೆ ಹೆಚ್ಚು.

ಅಲಬಾಮಾದ ಕಾನೂನು ಹುಡುಕಿ ಓದಿದೆ. ವರ್ಕ್ ರಿಲೀಸ್ ಕೈದಿಯ ಸಂಬಳವನ್ನು ಕಂಪನಿಯವರು ಅವನಿಗೆ ಕೊಡುವ ಹಾಗಿಲ್ಲ, ನೇರ ಜೈಲು ಇಲಾಖೆಗೆ ಕೊಡಬೇಕು. ಇಲಾಖೆ ತನ್ನ ಖರ್ಚಿಗೆ ಅಂತ ತನಗೆ ಯೋಗ್ಯ ಅನ್ನಿಸಿದಷ್ಟು ಮುರಿದುಕೊಳ್ಳಬಹುದು, ಆದರೆ ಅದು ಗಳಿಕೆಯ 40 ಪರ್ಸೆಂಟ್ ಮೀರಬಾರದು. ಉಳಿದದ್ದು ಕೈದಿಯ ಹೆಸರಿನಲ್ಲಿ ಇಲಾಖೆಯಲ್ಲೇ ಜಮಾ.

ಮೀರಬಾರದು ಅಂತ ಬರೆದ ಮಿತಿ ಎಲ್ಲ ಕಡೆಯಂತೆ ಇಲ್ಲೂ ಖಾಯಂ ದರ ಆಗಿಬಿಟ್ಟಿದೆ. ಅಸೋಸಿಯೇಟೆಡ್ ಪ್ರೆಸ್‌ನವರು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದೊಡ್ಡ ತನಿಖಾ ವರದಿಯ ಪ್ರಕಾರ ಮುರಿಯುತ್ತಿದ್ದುದು ಪೂರ್ತಿ 40. ಅದೂ ಗ್ರಾಸ್ ಮೇಲೆ, ಅಂದರೆ ತೆರಿಗೆಗೂ ಮುಂಚಿನ ಮೊತ್ತದ ಮೇಲೆ. ಅದರ ಮೇಲೆ ಕೆಲಸಕ್ಕೆ ಕರೆದೊಯ್ಯುವ ವ್ಯಾನಿಗೆ ದಿನಕ್ಕೆ 5 ಡಾಲರ್. ಬಟ್ಟೆ ಒಗೆಯಲು ತಿಂಗಳಿಗೆ 15.

ಚಟ ಬಿಡಲ್ಲ, ಒಂದು ಪೇಸ್ಲಿಪ್ ಮಾಡಿ ನೋಡಿದೆ. ಗಂಟೆಗೆ 10 ಡಾಲರ್, ವಾರಕ್ಕೆ 40 ಗಂಟೆ ಅಂತಿಟ್ಟುಕೊಳ್ಳಿ. ಗ್ರಾಸ್ 400. ಅದರಲ್ಲಿ ಇಲಾಖೆಯ ಪಾಲು 160. ಐದು ದಿನದ ವ್ಯಾನು 25. ಬಟ್ಟೆ ವಾರಕ್ಕೆ ಸುಮಾರು ಮೂರೂವರೆ. ಅಲ್ಲಿಗೆ 188 ಡಾಲರ್ ಚಿಲ್ಲರೆ, ಸುಮಾರು 47 ಪರ್ಸೆಂಟ್. ಇನ್ನು ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಎಲ್ಲರ ಹಾಗೆ 7.65 ಪರ್ಸೆಂಟ್, 30 ಡಾಲರ್ 60 ಸೆಂಟ್. ಆದಾಯ ತೆರಿಗೆ ಒಂದಿಷ್ಟು. ಕೊನೆಗೆ ಅವನ ಹೆಸರಿಗೆ ಉಳಿಯುವುದು 160ರ ಆಸುಪಾಸು. ದುಡಿದವನಿಗಿಂತ ಕೂಡಿಹಾಕಿದವರ ಪಾಲೇ ದೊಡ್ಡದು. ಕೋರ್ಟಿನ ಬಾಕಿ, ಮಕ್ಕಳ ಜೀವನಾಂಶ ಇದ್ದರೆ ಅವೆಲ್ಲ ಈ 160ರ ಮೇಲೆ ಬಂದು ಬೀಳಬೇಕು.

ಇದನ್ನು ಅಮೆರಿಕದ ಇನ್ನೊಂದು ಕಾನೂನಿನ ಪಕ್ಕ ಇಟ್ಟು ನೋಡಿ. ಇದು ನನಗೆ ಬಾಯಿಪಾಠ, ಯಾಕೆಂದರೆ ಇದರ ಕೋಡನ್ನು ನಮ್ಮ ತಂಡದಲ್ಲಿ ನಾನೇ ನೋಡಿಕೊಳ್ಳುವುದು. ಸಾಮಾನ್ಯ ನೌಕರ ಕ್ರೆಡಿಟ್ ಕಾರ್ಡ್ ಸಾಲ ಕಟ್ಟದೆ ಕೋರ್ಟು ಅವನ ಸಂಬಳ ಹಿಡಿಯಲು ಆದೇಶ ಮಾಡಿದರೂ, ತೆರಿಗೆ ಕಳೆದು ಉಳಿದದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಕಡಿಮೆ ಸಂಬಳದವನಾದರೆ ವಾರಕ್ಕೆ 217 ಡಾಲರ್ 50 ಸೆಂಟ್‌ವರೆಗೆ ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ. ಅದು ಕೇಂದ್ರದ ಕನಿಷ್ಠ ಕೂಲಿ 7.25ರ ಮೂವತ್ತು ಪಟ್ಟು. ಮನುಷ್ಯ ಮುಂದಿನ ವಾರವೂ ಬದುಕಿದ್ದು ಕೆಲಸಕ್ಕೆ ಬರಬೇಕಲ್ಲ, ಅದಕ್ಕೆ. ಮೇಲೆ ಹೇಳಿದ 400 ಡಾಲರಿನವನಿಂದ ಸಾಲ ಕೊಟ್ಟ ಬ್ಯಾಂಕು ಹೆಚ್ಚೆಂದರೆ 92 ಡಾಲರ್ ಕಿತ್ತುಕೊಳ್ಳಬಹುದು. ಜೈಲು ಇಲಾಖೆಗೆ 160.

ಇಲ್ಲಿ ಪೇರೋಲಿನವರ ಒಂದು ಗುಟ್ಟು ಹೇಳ್ತೀನಿ. ಹೊರಗಿನವರು ಪರ್ಸೆಂಟಿನ ಬಗ್ಗೆ ಜಗಳ ಆಡುತ್ತಾರೆ, ನಾವು ಆಡುವುದು ಸಾಲಿನ ಬಗ್ಗೆ. ಯಾರು ಮೊದಲು, ಯಾರು ಆಮೇಲೆ. ನಾಲ್ಕು ಕಡಿತಗಳಿದ್ದು ಸಂಬಳ ಎಲ್ಲದಕ್ಕೂ ಸಾಲದಿದ್ದರೆ ಕೊನೆಯಲ್ಲಿ ನಿಂತವನಿಗೆ ಸೊನ್ನೆ. ಹಾಗಾಗಿ ಪ್ರತಿ ಕಡಿತಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ, ಅದನ್ನು ಬದಲಾಯಿಸುವುದಕ್ಕೆ ಮೂರು ಜನರ ಒಪ್ಪಿಗೆ ಬೇಕು. ಪರ್ಸೆಂಟ್ ಬದಲಾಯಿಸೋಕೆ ಒಬ್ಬರು ಸಾಕು!

ಆ ಕಣ್ಣಿನಿಂದ ಈ ಪದ್ಧತಿಯ ಮೂಲ ಹುಡುಕಿಕೊಂಡು ಹೋದೆ. ವರ್ಕ್ ರಿಲೀಸ್ ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ, 1913ರಲ್ಲಿ. ಹೆನ್ರಿ ಹ್ಯೂಬರ್ ಅನ್ನುವ ಶಾಸಕ ತಂದ ಕಾನೂನು, ಇವತ್ತಿಗೂ ಅಲ್ಲಿ ಅದಕ್ಕೆ ಹ್ಯೂಬರ್ ಕಾನೂನು ಅಂತಲೇ ಹೆಸರು. ಜಿಲ್ಲಾ ಜೈಲಿನಲ್ಲಿ ಸಣ್ಣಪುಟ್ಟ ಶಿಕ್ಷೆಗೆ ಕೂತವರನ್ನು ಕೆಲಸಕ್ಕೆ ಬಿಟ್ಟರೆ ಅವರ ಹೆಂಡತಿ ಮಕ್ಕಳು ಉಪವಾಸ ಬೀಳುವುದಿಲ್ಲ ಅನ್ನುವ ಲೆಕ್ಕಾಚಾರ. ಆ ಕಾನೂನಿನಲ್ಲಿ ಸಂಬಳ ಹಂಚುವ ಕ್ರಮ ಇದೆ, "ಇದೇ ಕ್ರಮದಲ್ಲಿ" ಅಂತ ಸ್ಪಷ್ಟವಾಗಿ ಬರೆದಿದ್ದಾರೆ (ಬರೆದವನು ಹೋದ ಜನ್ಮದಲ್ಲಿ ಪೇರೋಲ್ ಇಂಜಿನಿಯರ್ ಇರಬೇಕು). ಮೊದಲು ಕೈದಿಯ ಊಟದ ಖರ್ಚು. ಆಮೇಲೆ ಕೆಲಸಕ್ಕೆ ಹೋಗಿಬರುವ ಖರ್ಚು. ಮೂರನೆಯದು ಅವನನ್ನು ನಂಬಿಕೊಂಡವರು. ನಾಲ್ಕನೆಯದು ಸಾಲಗಾರರು. ಉಳಿದರೆ ಬಿಡುಗಡೆಯ ದಿನ ಅವನ ಕೈಗೆ.

ಕುಟುಂಬಕ್ಕಾಗಿ ಹುಟ್ಟಿದ ಕಾನೂನಿನಲ್ಲೇ ಕುಟುಂಬ ಮೂರನೇ ನಂಬರು. ಆದರೂ ಅಲ್ಲಿ ಅವರಿಗೊಂದು ನಂಬರು ಇದೆ. ಮತ್ತೆ ಮೊದಲನೆಯದು ಊಟದ ಖರ್ಚು, ಗಳಿಕೆಯ ಪಾಲು ಅಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಗಂಟೆಗೆ 10 ಡಾಲರ್ ದುಡಿಯುವವನೂ 18 ಡಾಲರ್ ದುಡಿಯುವವನೂ ತಿನ್ನುವುದು ಒಂದೇ ಊಟ, ಮಲಗುವುದು ಒಂದೇ ಅಳತೆಯ ಮಂಚದ ಮೇಲೆ. ಖರ್ಚು ವಸೂಲಿ ಅನ್ನುವುದಾದರೆ ಇಬ್ಬರಿಂದಲೂ ಒಂದೇ ಮೊತ್ತ ತಗೋಬೇಕು. ಒಬ್ಬನಿಂದ 160, ಇನ್ನೊಬ್ಬನಿಂದ 288 ತಗೊಂಡರೆ ಅದಕ್ಕೆ ಬೇರೆ ಹೆಸರಿದೆ. ಪಾಲುಗಾರಿಕೆ.

ಆಮೇಲೆ ಉತ್ತರ ಕೆರೊಲಿನಾ 1957ರಲ್ಲಿ ಇದನ್ನು ದೊಡ್ಡ ಜೈಲುಗಳಿಗೆ ತಂದಿತು, 1965ರಲ್ಲಿ ಕೇಂದ್ರ ಸರ್ಕಾರವೂ ಒಪ್ಪಿತು, ಉಳಿದ ರಾಜ್ಯಗಳು ಹಿಂದೆ ಬಂದವು.

ಇದನ್ನೆಲ್ಲ ನನ್ನ ರೂಂಮೇಟ್ ಹತ್ತಿರ ಹೇಳಿದೆ. ಅವನು ಮೊಸರನ್ನ ಕಲಸುತ್ತಾ, ತಲೆ ಎತ್ತದೆ, "ಏನ್ ತಪ್ಪು ಗುರು? ನಾವು ಪಿ.ಜಿ.ಗೆ ದುಡ್ಡು ಕೊಡಲ್ವಾ? ಊಟ, ಹಾಸಿಗೆ, ಕರೆಂಟು ಎಲ್ಲ ಬಿಟ್ಟಿ ಬೇಕಾ ಅವ್ರಿಗೆ? ಕೊಲೆ ಮಾಡಿರ್ತಾರೆ, ದರೋಡೆ ಮಾಡಿರ್ತಾರೆ. ತೆರಿಗೆ ಕಟ್ಟೋನು ಯಾಕೆ ಸಾಕಬೇಕು?" ಅಂದ.

ತೆಗೆದುಹಾಕುವಂಥ ಮಾತಲ್ಲ ಇದು. ನಾನು ಕೂಡ ಎರಡು ದಿನ ಇದರ ಹತ್ತಿರವೇ ಇದ್ದೆ. ಇನ್ನೂ ಒಂದು ಸೇರಿಸಬಹುದು: ವರ್ಕ್ ರಿಲೀಸ್‌ಗೆ ಹೋಗುವುದನ್ನು ಕೈದಿಗಳೇ ಹಾತೊರೆದು ಬಯಸುತ್ತಾರೆ. ಯಾಕೆ ಅನ್ನುವುದು ಕೂಡ ಸ್ಪಷ್ಟ. ಅಲಬಾಮಾದ ಜೈಲುಗಳು ಎಷ್ಟು ಕಿಕ್ಕಿರಿದು ಎಷ್ಟು ಹಿಂಸೆಯಿಂದ ತುಂಬಿವೆ ಅಂದರೆ, 2020ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಆ ರಾಜ್ಯದ ಮೇಲೆ ಮೊಕದ್ದಮೆ ಹಾಕಿತು. ಒಳಗೆ ಅಡುಗೆ, ಕಸ, ಬಟ್ಟೆ ಅಂತ ಮಾಡುವ ಬಹುತೇಕ ಕೆಲಸಕ್ಕೆ ಅಲ್ಲಿ ಕೂಲಿಯೇ ಇಲ್ಲ, ಸೊನ್ನೆ. ಸೊನ್ನೆಯ ಪಕ್ಕದಲ್ಲಿ ವಾರಕ್ಕೆ 160 ಡಾಲರ್ ದೊಡ್ಡದೇ. ಹೊರಗೆ ಹೋಗಿ ಮನುಷ್ಯರ ಮುಖ ನೋಡಿ ಬರುವುದಕ್ಕೆ ಬೆಲೆ ಕಟ್ಟೋಕಾಗುತ್ತಾ.

ಆದರೆ ಪಿ.ಜಿ. ಹೋಲಿಕೆಯಲ್ಲಿ ಒಂದು ತಿರುಪು ಸಡಿಲ ಇದೆ. ನಮ್ಮ ಪಿ.ಜಿ. ಆಂಟಿಗೆ ದುಡ್ಡು ಜಾಸ್ತಿ ಅನ್ನಿಸಿದರೆ ನಾನು ಚೀಲ ಕಟ್ಟಿಕೊಂಡು ಪಕ್ಕದ ರಸ್ತೆಗೆ ಹೋಗಬಹುದು. ಈಗ ಹೀಗೆ ಊಹಿಸಿಕೊಳ್ಳಿ. ಬಾಗಿಲಿನ ಕೀ ಆಂಟಿ ಹತ್ತಿರ. ನನ್ನ ಸಂಬಳ ನೇರ ಆಂಟಿ ಖಾತೆಗೆ. ಬಾಡಿಗೆ ನನ್ನ ಸಂಬಳದ ಶೇಕಡಾ ಇಷ್ಟು ಅಂತ. ನಾನು ಯಾವತ್ತು ಖಾಲಿ ಮಾಡಬೇಕು ಅಂತ ತೀರ್ಮಾನಿಸೋರು ಆಂಟಿಯ ಅಣ್ಣ. ಇಷ್ಟೆಲ್ಲ ಇದ್ದಾಗ ನಾನು ಬೇಗ ಖಾಲಿ ಮಾಡಬೇಕು ಅಂತ ಆ ಮನೆಯಲ್ಲಿ ಯಾರಿಗಾದರೂ ಅವಸರ ಇರುತ್ತದಾ?

ರೂಂಮೇಟ್ ನಕ್ಕ, ಆಂಟಿಗೆ ಐಡಿಯಾ ಕೊಡಬೇಡ ಮಾರಾಯ ಅಂದ.

ಅಣ್ಣ ಅಂದದ್ದು ಸುಮ್ಮನೆ ಅಲ್ಲ. ಅಲಬಾಮಾದಲ್ಲಿ ಜೈಲು ಇಲಾಖೆ ಬೇರೆ, ಪೆರೋಲ್ ಮಂಡಳಿ ಬೇರೆ, ಅದನ್ನು ಸೇರಿಸಿ ಬೈಯುವುದು ನ್ಯಾಯ ಅಲ್ಲ. ಆದರೆ ಎರಡೂ ಒಂದೇ ಮನೆಯವು. 2023ರಲ್ಲಿ ಪೆರೋಲ್ ಕೇಳಿದವರಲ್ಲಿ ಸಿಕ್ಕಿದ್ದು ನೂರಕ್ಕೆ ಎಂಟು ಜನರಿಗೆ. ಅದೇ ಹೊತ್ತಿನಲ್ಲಿ ಮೆಕ್‌ಡೊನಾಲ್ಡ್ಸ್‌ನಂಥ ಫಾಸ್ಟ್‌ಫುಡ್ ಅಂಗಡಿಗಳಲ್ಲಿ, ಕೋಳಿಮಾಂಸದ ಕಾರ್ಖಾನೆಗಳಲ್ಲಿ ವರ್ಕ್ ರಿಲೀಸ್ ಕೈದಿಗಳು ಸಾರ್ವಜನಿಕರ ನಡುವೆಯೇ ಕೆಲಸ ಮಾಡುತ್ತಿದ್ದರು. ಎ.ಪಿ. ವರದಿಯ ಲೆಕ್ಕದಲ್ಲಿ 2018ರಿಂದೀಚೆಗೆ 10 ಸಾವಿರಕ್ಕೂ ಹೆಚ್ಚು ಕೈದಿಗಳು ಜೈಲಿನ ಗೋಡೆಯ ಹೊರಗೆ ದುಡಿದ ಒಟ್ಟು ಗಂಟೆ 1 ಕೋಟಿ 70 ಲಕ್ಷ. 2000ದಿಂದೀಚೆಗೆ ಸಂಬಳ ಮುರಿದು ರಾಜ್ಯ ಗಳಿಸಿದ್ದು 25 ಕೋಟಿ ಡಾಲರಿಗೂ ಹೆಚ್ಚು. ಮಧ್ಯಾಹ್ನ ಕೌಂಟರಿನಲ್ಲಿ ಬರ್ಗರ್ ಕೊಡುವಾಗ ಅಪಾಯ ಅಲ್ಲದವನು, ಪೆರೋಲ್ ಕೇಳಿದ ಕೂಡಲೇ ಅಪಾಯ ಆಗುವುದು ಹೇಗೆ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೆಲಸ ಬೇಡ ಅಂದರೆ ಬೇಗ ಬಿಡುಗಡೆಯ ಆಸೆಗೂ ಕಲ್ಲು ಬೀಳಬಹುದು, ಹಾಗಾಗಿ ಬೇಡ ಅನ್ನುವುದೂ ಸುಲಭ ಅಲ್ಲ.

ಈ ನೆಲಕ್ಕೆ ಈ ಲೆಕ್ಕ ಹೊಸದೂ ಅಲ್ಲ. ಅಮೆರಿಕ 1865ರಲ್ಲಿ ಹದಿಮೂರನೇ ತಿದ್ದುಪಡಿಯಿಂದ ಗುಲಾಮಗಿರಿ ತೆಗೆದುಹಾಕಿದಾಗ ಒಂದು ಕಿಂಡಿ ಉಳಿಸಿಕೊಂಡಿತ್ತು, ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ಮಾಡಿಸಬಹುದು ಅಂತ. ಆ ಕಿಂಡಿಯಿಂದಲೇ ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿಗಳಿಗೆ, ತೋಟಗಳಿಗೆ ಬಾಡಿಗೆಗೆ ಕೊಡಲು ಶುರು ಮಾಡಿದ್ದು. ಕೈದಿಗಳಲ್ಲಿ ಹೆಚ್ಚಿನವರು ಕರಿಯರು, ಎಷ್ಟೋ ಜನ ಅಲೆಮಾರಿ ಅನ್ನುವಂಥ ಕ್ಷುಲ್ಲಕ ಅಪರಾಧಕ್ಕೆ ಹಿಡಿದವರು. ಕಂಪನಿ ದುಡ್ಡು ಕೊಡುತ್ತಿದ್ದದ್ದು ಸರ್ಕಾರಕ್ಕೆ, ದುಡಿದವನಿಗೆ ಏನೂ ಇಲ್ಲ. 1898ರಲ್ಲಿ ಅಲಬಾಮಾ ರಾಜ್ಯದ ವರಮಾನದಲ್ಲಿ ಸುಮಾರು 73 ಪರ್ಸೆಂಟ್ ಈ ಬಾಡಿಗೆಯದ್ದೇ ಆಗಿತ್ತು ಅಂತ ಇತಿಹಾಸ ಬರೆದವರು ಹೇಳುತ್ತಾರೆ. 1911ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಬ್ಯಾನರ್ ಗಣಿ ಸ್ಫೋಟಿಸಿ 128 ಜನ ಸತ್ತರು. ಬಹುಪಾಲು ಬಾಡಿಗೆ ಕೈದಿಗಳು. ಇಷ್ಟಾದ ಮೇಲೂ ಈ ಬಾಡಿಗೆ ಪದ್ಧತಿ ನಿಂತದ್ದು 1928ರಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ.

ಆಗ ನೂರಕ್ಕೆ ನೂರು, ಈಗ ನಲವತ್ತು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಈಗಿನವನಿಗೆ ಸಂಬಳ ಇದೆ, ವೇಳೆ ಇದೆ, ಗಣಿಯಲ್ಲಿ ಸಾಯುವುದಿಲ್ಲ. ಆದರೆ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಕೈದಿಗಳು ಕೆಲವರು ಕಾರ್ಮಿಕ ಸಂಘಗಳ ಜೊತೆ ಸೇರಿ ಹಾಕಿದ ಮೊಕದ್ದಮೆಯಲ್ಲಿ ಇದನ್ನು ಅದೇ ಹಳೆಯ ಪದ್ಧತಿಯ ಹೊಸ ರೂಪ ಅಂತ ಕರೆದಿದ್ದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ. ಅದಕ್ಕೂ ಒಂದು ವರ್ಷ ಮೊದಲು, 2022ರ ನವೆಂಬರ್‌ನಲ್ಲಿ, ಅಲಬಾಮಾದ ಮತದಾರರೇ ತಮ್ಮ ರಾಜ್ಯದ ಸಂವಿಧಾನದಿಂದ ಆ "ಶಿಕ್ಷೆಯಾಗಿ ಮಾತ್ರ" ಕಿಂಡಿಯನ್ನು ಮುಚ್ಚಿದ್ದರು. ಕಾಗದದಲ್ಲಿ ಕಿಂಡಿ ಮುಚ್ಚಿದ ಮೇಲೂ ವ್ಯಾನು ಓಡಿತು, 40 ಮುರಿಯಿತು.

ಇನ್ನೊಂದು ಪುಟ್ಟ ಸಂಗತಿ, ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಅಮೆರಿಕದಲ್ಲಿ ಕಡಿಮೆ ಸಂಬಳದಲ್ಲಿ ದುಡಿಯುವ ತಂದೆ ತಾಯಿಗಳಿಗೆ ವರ್ಷಕ್ಕೊಮ್ಮೆ ತೆರಿಗೆ ಇಲಾಖೆಯಿಂದ ವಾಪಸ್ ಬರುವ ಒಂದು ಸಹಾಯಧನ ಇದೆ, ದುಡಿದ ಆದಾಯದ ಮೇಲಿನ ಕ್ರೆಡಿಟ್ಟು. ಬಡ ಸಂಸಾರಗಳಿಗೆ ಅದು ವರ್ಷದ ಅತಿ ದೊಡ್ಡ ಇಡಿಗಂಟು. ಆದರೆ ಜೈಲಿನಲ್ಲಿದ್ದಾಗ ದುಡಿದದ್ದು ಈ ಲೆಕ್ಕಕ್ಕೆ "ದುಡಿದ ಆದಾಯ" ಅಲ್ಲ, ವರ್ಕ್ ರಿಲೀಸ್‌ನ ಸಂಬಳ ಕೂಡ ಅಲ್ಲ ಅಂತ ತೆರಿಗೆ ಇಲಾಖೆ ಬಿಡಿಸಿ ಬರೆದಿದೆ. ಅದೇ ಸಂಬಳ ಆದಾಯ ತೆರಿಗೆಗೆ ಮಾತ್ರ ಆದಾಯವೇ. ಕೊಡುವಾಗ ದುಡಿದ ಆದಾಯ, ಪಡೆಯುವಾಗ ಅಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಂದೇ ಸಂಖ್ಯೆಗೆ ಎರಡು ಟೈಪು, ಎರಡೂ ಅವನಿಗೆ ವಿರುದ್ಧವಾಗಿ. (ಒಂದು ಸಮಾಧಾನ: ಸೋಷಿಯಲ್ ಸೆಕ್ಯುರಿಟಿಗೆ ಮುರಿದದ್ದು ಅವನ ಹೆಸರಿನಲ್ಲೇ ದಾಖಲಾಗುತ್ತದೆ, ಮುದುಕನಾದಾಗ ಸಿಗಬಹುದು.)

ನಮ್ಮಲ್ಲಿ ಹೇಗೆ ಅಂತ ಕೇಳ್ತೀರಿ, ಗೊತ್ತು. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ, ಅದರಲ್ಲಿ ಅಮೆರಿಕದ ಆ ಶಿಕ್ಷೆಯ ಕಿಂಡಿ ಇಲ್ಲ. 1998ರಲ್ಲಿ ಗುಜರಾತಿನಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಠಿಣ ಶಿಕ್ಷೆಯವರಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು ಅಂದಿತು. ಊಟ ಬಟ್ಟೆಯ ಖರ್ಚು ಅದರಲ್ಲಿ ಹಿಡಿಯಬಹುದು. ಕೂಲಿಯ ಒಂದು ಭಾಗ, ಅವನ ಅಪರಾಧದಿಂದ ನೊಂದವರಿಗೆ ಪರಿಹಾರವಾಗಿ ಹೋಗುವಂತೆ ಕಾನೂನು ಮಾಡಿ ಅಂತಲೂ ಹೇಳಿತು. ನೊಂದವರು ಸಾಲಿನಲ್ಲಿ ಕಾಣಿಸಿದ್ದು ನನಗೆ ಸರಿ ಅನ್ನಿಸಿತು. ರೂಂಮೇಟ್ ಹೇಳಿದ ಕೊಲೆ ದರೋಡೆಯ ಮಾತಿಗೆ ಏನಾದರೂ ಅರ್ಥ ಇದ್ದರೆ ದುಡ್ಡು ಹೋಗಬೇಕಾದ್ದು ಅಲ್ಲಿಗೆ, ಜೈಲಿನ ಬಜೆಟ್ಟಿಗಲ್ಲ. ಅಂದ ಹಾಗೆ ಕರ್ನಾಟಕ 2023ರ ಆರಂಭದಲ್ಲಿ ಕೈದಿಗಳ ದಿನಗೂಲಿಯನ್ನು ಕೆಲಸದ ಮಟ್ಟ ನೋಡಿ 524ರಿಂದ 663 ರೂಪಾಯಿವರೆಗೆ ಏರಿಸಿತು. ಆಗ ಎಷ್ಟೋ ಜನ ಹೊಟ್ಟೆ ಉರಿದುಕೊಂಡಿದ್ದು ನೆನಪಿದೆ. ನಮ್ಮ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲೂ.

ಆದರೆ ಅದು ಗೋಡೆಯ ಒಳಗಿನ ಕೆಲಸ. ಹೊರಗೆ ಹೋಗಿ ದುಡಿದು ಬರುವುದಕ್ಕೆ ನಮ್ಮಲ್ಲಿ ನಿಜವಾಗಿ ಹೋಲುವುದು ಜೈಪುರದ ಹತ್ತಿರದ ಸಾಂಗಾನೇರ್ ಬಯಲು ಜೈಲು. 1963ರಿಂದ ಇದೆ. ಕೈದಿಗಳು ಅಲ್ಲಿ ಹೆಂಡತಿ ಮಕ್ಕಳ ಜೊತೆ ಸಣ್ಣ ಮನೆಗಳಲ್ಲಿರುತ್ತಾರೆ, ಬೆಳಿಗ್ಗೆ ಹಾಜರಿ ಕೊಟ್ಟು ಊರೊಳಗೆ ಹೋಗಿ ಕೂಲಿಯೋ ಅಂಗಡಿ ಕೆಲಸವೋ ಮಾಡಿ ಸಂಜೆ ಹಾಜರಿಗೆ ವಾಪಸ್. ಸರ್ಕಾರ ಊಟ ಹಾಕುವುದಿಲ್ಲ, ಅವರ ದುಡಿಮೆಯಲ್ಲೇ ಅವರ ಸಂಸಾರ ನಡೆಯಬೇಕು. ಅದರ ಬಗ್ಗೆ ಮೊದಲು ಓದಿದಾಗ ಪೇರೋಲ್ ಬುದ್ಧಿಯಿಂದ ಕಡಿತದ ಪಟ್ಟಿ ಹುಡುಕಿದೆ. ಸಂಬಳ ಅವನ ಕೈಗೇ ಬರುತ್ತದೆ. ಅಕ್ಕಿ ಬೇಳೆ ಅವನೇ ತರಬೇಕು.

ಹೋದ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮೇಷ್ಟ್ರಲ್ವಾ, ಬೋರ್ಡಿನ ಮೇಲೆ ಬರೆಸಿದ ಹಾಗೆ ಸಂಖ್ಯೆಗಳನ್ನು ಇನ್ನೊಮ್ಮೆ ಹೇಳಿಸಿದರು. ನಾನೂರು, ನೂರ ಅರವತ್ತು, ಇಪ್ಪತ್ತೈದು. ಆಮೇಲೆ, "ಆ ಉಳಿದಿದ್ದು ಅವನ ಹೆಂಡ್ತಿಗೆ ತಿಂಗಳಾ ತಿಂಗಳಾ ಹೋಗತ್ತೇನೋ, ಅಥವಾ ಅವನು ಹೊರಗೆ ಬರೋವರ್ಗೂ ಕಾಯ್ಬೇಕಾ?" ಅಂತ ಕೇಳಿದರು. ಅವನು ಇಲಾಖೆಯವರನ್ನು ಕೇಳಿ ಕಳಿಸಬೇಕು ಅಪ್ಪಾ, ಖಾತೆ ಅವರ ಹತ್ತಿರ ಇರುತ್ತೆ ಅಂದೆ. "ಹಾಗಾದ್ರೆ ಅವನ ಚೀಟಿ ಅವನ ಮನೇಲಿ ಯಾರೂ ಓದಲ್ಲ" ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ನಮ್ಮ ದೇವನಹಳ್ಳಿ ಹತ್ತಿರದ ಕೋರಮಂಗಲದಲ್ಲೂ ಒಂದು ಬಯಲು ಜೈಲು ಇದೆ. ಸ್ಟಾರ್ಟಪ್‌ಗಳ ಕೋರಮಂಗಲ ಅಲ್ಲ ಸ್ವಾಮಿ, ಇದು ಹಳ್ಳಿ, ಇಲ್ಲಿ ಕೈದಿಗಳು ವ್ಯವಸಾಯ ಮಾಡುತ್ತಾರೆ. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ, ಒಳಗೆ ಹೋಗಿ ಬಂದವರಿದ್ದರೆ (ಅಂದರೆ, ನೋಡಿಕೊಂಡು ಬಂದವರು :-)), ಅಲ್ಲಿ ಬೆಳೆದದ್ದರ ಲೆಕ್ಕ, ಕೂಲಿಯ ಲೆಕ್ಕ ಹೇಗಿದೆ ಅಂತ ತಿಳಿಸಿ. ಸಿಕ್ಕಿದಷ್ಟು ಸೇರಿಸಿ ಮುಂದಿನ ಸಲ ಬರೀತೀನಿ.